ಪಟ್ಟಿ ಹಚ್ಚುವ ಮೊದಲು, ಗುಳಿಗೆ ನುಂಗುವ ಮೊದಲು

ಹತ್ತಿ ಬಿಡಿಸುವ ದಿನಗಳಲ್ಲಿ ರಾಯಚೂರು ಜಿಲ್ಲೆಯ ಕುರ್ಡಿ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನಡ ಬಗ್ಗಿಸಿಕೊಂಡೇ ಇರುತ್ತಾರೆ. ಕಾಲುವೆ ನೀರು ಬರುವ ಕಡೆ ಭತ್ತದ ನಾಟಿ, ಅದು ಮುಗಿದರೆ ಮೆಣಸಿನಕಾಯಿ ಬಿಡಿಸುವ ಕೆಲಸ. ನಡ, ಮೊಣಕಾಲು, ಹೆಗಲು, ಮಣಿಕಟ್ಟು ಇವುಗಳಲ್ಲಿ ಒಂದಾದರೂ ನೋಯದವರಿರುವ ಮನೆ ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಇಂಥ ನೋವಿಗೆ ಇಷ್ಟು ವರ್ಷ ಎರಡು ದಾರಿಗಳಿದ್ದವು. ಮೆಡಿಕಲ್ ಶಾಪಿನಿಂದ ನಾಲ್ಕು ಗುಳಿಗೆ, ಇಲ್ಲವೇ ದವಾಖಾನೆಯಲ್ಲಿ ಒಂದು ಸೂಜಿ. ಈಗ ಮೂರನೆಯದೂ ಬಂದಿದೆ, ಚರ್ಮದ ಮೇಲೆ ಹಚ್ಚುವ ಔಷಧಿ ಪಟ್ಟಿ. ಮಗ ಬೆಂಗಳೂರಿನಿಂದ ತಂದುಕೊಡುತ್ತಾನೆ, ಟಿವಿಯ ಜಾಹೀರಾತು ಹೇಳುತ್ತದೆ, ಅಂಗಡಿಯವರೂ ಕೊಡುತ್ತಾರೆ. ಜೊತೆಗೊಂದು ನಂಬಿಕೆಯೂ ಬರುತ್ತದೆ: ಇದು ಹೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ತೊಂದರೆ ಇಲ್ಲ.

ಈ ನಂಬಿಕೆ ಕೆಲವು ಪಟ್ಟಿಗಳ ಮಟ್ಟಿಗೆ ಬಹುಪಾಲು ಸರಿ. ಇನ್ನು ಕೆಲವುಗಳ ಮಟ್ಟಿಗೆ ಪ್ರಾಣಕ್ಕೇ ಕುತ್ತು ತರುವಷ್ಟು ತಪ್ಪು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಅಂಗೈಯಗಲದ ಅಂಟುವ ತುಂಡು. ಆದ್ದರಿಂದ ಪಟ್ಟಿಯೋ ಗುಳಿಗೆಯೋ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಔಷಧಿ ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆಯೋ, ರಕ್ತಕ್ಕೆ ಇಳಿದು ಇಡೀ ಮೈಯಲ್ಲಿ ಕೆಲಸ ಮಾಡುತ್ತದೆಯೋ?

ಅಂಗಡಿಯಲ್ಲಿ ಸಿಗುವ ಪಟ್ಟಿಗಳು ಒಂದೇ ಅಲ್ಲ

ಎಲ್ಲಕ್ಕಿಂತ ಸಾಮಾನ್ಯವಾದದ್ದು ಬಿಸಿಯೋ ತಂಪೋ ಅನ್ನಿಸುವ ಪ್ಲಾಸ್ಟರ್. ಇದರಲ್ಲಿ ಮೆಂಥಾಲ್, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್, ಕೆಲವೊಮ್ಮೆ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಇರುತ್ತದೆ. ಬಿಸಿ, ತಂಪು, ಉರಿ ಎಂಬ ಅನುಭವ ಆ ಜಾಗದ ನರಗಳನ್ನು ಹಿಡಿದಿಟ್ಟು, ಒಳಗಿನ ನೋವು ಕಡಿಮೆ ಅನ್ನಿಸುವಂತೆ ಮಾಡುತ್ತದೆ. ಉಳುಕು, ಸಣ್ಣ ಸ್ನಾಯು ಸೆಳೆತಕ್ಕೆ ಇದು ಸಾಕು. ಹೆಚ್ಚು ನಿರೀಕ್ಷೆ ಬೇಡ.

ಎರಡನೆಯದು ಡೈಕ್ಲೋಫೆನಾಕ್ ಅಥವಾ ಕೀಟೋಪ್ರೊಫೆನ್ ಇರುವ ಪಟ್ಟಿ. ಗುಳಿಗೆಯಲ್ಲಿರುವ ಅದೇ ಉರಿಯೂತ ಇಳಿಸುವ ಔಷಧಿಯನ್ನು ಚರ್ಮದ ಮೂಲಕ ಒಳಗೆ ಬಿಡುವಂಥದ್ದು. ಇದರ ಹೆಚ್ಚಿನ ಕೆಲಸ ಹಚ್ಚಿದ ಜಾಗದ ಕೆಳಗಿನ ಕೀಲು, ಸ್ನಾಯುಗಳಲ್ಲಿ ನಡೆಯುತ್ತದೆ. ರಕ್ತಕ್ಕೆ ಸೇರುವುದು ಸ್ವಲ್ಪ. ಡೈಕ್ಲೋಫೆನಾಕ್ ಜೆಲ್ಲನ್ನು ಒಂದು ಮೊಣಕಾಲಿಗೆ ದಿನಕ್ಕೆ ನಾಲ್ಕು ಸಲ ಹಚ್ಚಿದರೆ ರಕ್ತದಲ್ಲಿ ಕಾಣುವ ಔಷಧಿ ಗುಳಿಗೆ ನುಂಗಿದಾಗಿನ ಸುಮಾರು 6 ಶೇಕಡಾ ಮಾತ್ರ.

ಮೂರನೆಯದು ಲಿಗ್ನೋಕೇನ್ ಪಟ್ಟಿ, ಸಾಮಾನ್ಯವಾಗಿ 5 ಶೇಕಡಾ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಔಷಧಿಯೇ ಇದು. ಸರ್ಪಸುತ್ತು ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿನೋವಿಗೆ, ಬಟ್ಟೆ ತಾಕಿದರೂ ಜೀವ ಹೋಗುವಂಥ ನರದ ನೋವಿಗೆ ಇದು ಹೇಳಿಮಾಡಿಸಿದ್ದು.

ನಾಲ್ಕನೆಯ ಗುಂಪೇ ಬೇರೆ. ಫೆಂಟನಿಲ್ ಮತ್ತು ಬುಪ್ರೆನಾರ್ಫಿನ್ ಪಟ್ಟಿಗಳಿಗೂ ಹಚ್ಚಿದ ಜಾಗಕ್ಕೂ ಸಂಬಂಧವೇ ಇಲ್ಲ. ಎದೆಯ ಮೇಲೆ ಹಚ್ಚಿದರೂ ಅವು ಕೆಲಸ ಮಾಡುವುದು ಮಿದುಳು ಮತ್ತು ಬೆನ್ನುಹುರಿಯಲ್ಲಿ. ಅಫೀಮಿನ ವರ್ಗಕ್ಕೆ ಸೇರಿದ, ಕ್ಯಾನ್ಸರ್‌ನಂಥ ತೀವ್ರ ನೋವಿಗೆ ಕೊಡುವ ಔಷಧಿಗಳಿವು. ಮೊಣಕಾಲು ನೋವೆಂದು ಫೆಂಟನಿಲ್ ಪಟ್ಟಿಯನ್ನು ಮೊಣಕಾಲಿಗೆ ಹಚ್ಚಿಕೊಂಡರೆ ಮೊಣಕಾಲು ವಾಸಿಯಾಗುವುದಿಲ್ಲ, ಉಸಿರಾಟ ನಿಧಾನವಾಗುತ್ತದೆ.

ಪೊಟ್ಟಣದ ಮೇಲಿನ ಕಂಪನಿ ಹೆಸರು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು ಹೇಳುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಆಶಾ ಕಾರ್ಯಕರ್ತೆಯರಿಗೆ ತೋರಿಸಿ, ಅಂಗಡಿಯವರನ್ನೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ನುಂಗಿದ ಗುಳಿಗೆ ಎಲ್ಲೆಲ್ಲಿ ಹೋಗುತ್ತದೆ

ಗುಳಿಗೆ ಹೊಟ್ಟೆಯಲ್ಲಿ ಕರಗಿ, ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ, ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಒಂದು ಪಾಲು ಒಡೆದು ಹಾಳಾಗುತ್ತದೆ. ಡೈಕ್ಲೋಫೆನಾಕ್‌ನಲ್ಲಿ ಸುಮಾರು ಅರ್ಧ ಹೀಗೆಯೇ ಹೋಗುತ್ತದೆ. ಬುಪ್ರೆನಾರ್ಫಿನ್ ನುಂಗಿದರೆ ಬಹುಪಾಲು ಹಾಳಾಗುವುದರಿಂದಲೇ ಅದನ್ನು ನಾಲಿಗೆ ಕೆಳಗೆ ಇಡಲು ಅಥವಾ ಪಟ್ಟಿಯಾಗಿ ಹಚ್ಚಲು ಕೊಡುತ್ತಾರೆ. ಉಳಿದ ಔಷಧಿ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ನೋವು ಮೊಣಕಾಲಿನಲ್ಲಿದ್ದರೂ ಅದು ಮೂತ್ರಪಿಂಡಕ್ಕೂ ಹೃದಯಕ್ಕೂ ಹೊಟ್ಟೆಯ ಒಳಪದರಕ್ಕೂ ಹೋಗಿಯೇ ತೀರುತ್ತದೆ.

ನಮ್ಮ ಕಡೆ ಬಹಳ ಜನ ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ಏನೂ ಆಗುವುದಿಲ್ಲ ಅಂದುಕೊಂಡಿದ್ದಾರೆ. ಇದು ನಿಜವಲ್ಲ. ಇಂಗ್ಲೆಂಡಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಆಸ್ಪಿರಿನ್ ಮತ್ತು ಅದರ ಬಳಗದ ಔಷಧಿಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತವೆ. ಈ ಕೆಲಸಕ್ಕೆ ಅವರಿಗೆ 1982ರಲ್ಲಿ ನೊಬೆಲ್ ಬಹುಮಾನವೂ ಬಂತು. ಬಾವು, ನೋವು ತರುವುದು ಆ ರಾಸಾಯನಿಕವೇ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಅಂದಮೇಲೆ ಔಷಧಿ ರಕ್ತದಲ್ಲಿ ಹೆಚ್ಚಾದರೆ, ಯಾವ ದಾರಿಯಿಂದ ಒಳಗೆ ಹೋಗಿದ್ದರೂ ಹೊಟ್ಟೆಯ ಕಾವಲು ತಪ್ಪುತ್ತದೆ. ಜೆಲ್ಲು, ಪಟ್ಟಿಗಳಿಂದ ಹೊಟ್ಟೆಗೆ ಕಾಟ ಕಡಿಮೆ ಆಗುವುದು ರಕ್ತಕ್ಕೆ ಸೇರುವ ಪ್ರಮಾಣವೇ ಸಣ್ಣದಾದ್ದರಿಂದ.

ಇದೇ ಕಾರಣಕ್ಕೆ ನಾಲ್ಕು ಜಾಗಕ್ಕೆ ನಾಲ್ಕು ಡೈಕ್ಲೋಫೆನಾಕ್ ಪಟ್ಟಿ ಹಚ್ಚಿಕೊಂಡು, ಮೇಲೊಂದು ಅಸಿಕ್ಲೋಫೆನಾಕ್ ಗುಳಿಗೆ ನುಂಗಿದರೆ ಪಟ್ಟಿಯ ಲಾಭ ಉಳಿಯುವುದಿಲ್ಲ. ಹೆಸರು ಬೇರೆಯಾದರೂ ಎರಡೂ ಒಂದೇ ಬಳಗ. ಐಬುಪ್ರೊಫೆನ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್, ಪೈರಾಕ್ಸಿಕಾಂ, ಎಟೋರಿಕಾಕ್ಸಿಬ್ ಕೂಡ ಅದೇ ಬಳಗದವು. ಪ್ಯಾರಾಸಿಟಮಾಲ್ ಮಾತ್ರ ಬೇರೆ.

ಪ್ಯಾರಾಸಿಟಮಾಲ್ ಪಟ್ಟಿ ಏಕೆ ಇಲ್ಲ

ಚರ್ಮದ ಹೊರಪದರ ಹತ್ತಿಪ್ಪತ್ತು ಮೈಕ್ರಾನ್ ದಪ್ಪ, ಸತ್ತ ಜೀವಕೋಶಗಳು ಮತ್ತು ಕೊಬ್ಬಿನಿಂದಾದದ್ದು. ಹೊರಗಿನದನ್ನು ಒಳಗೆ ಬಿಡದೆ ತಡೆಯುವುದೇ ಅದರ ಕೆಲಸ. ಅದನ್ನು ದಾಟಬೇಕಾದರೆ ಔಷಧಿಯ ಅಣು ಚಿಕ್ಕದಿರಬೇಕು, ಕೊಬ್ಬಿನಲ್ಲಿ ಕರಗುವಂತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಹಳ ಸಣ್ಣ ಪ್ರಮಾಣದಲ್ಲೇ ಕೆಲಸ ಮಾಡುವಂತಿರಬೇಕು. ದಿನಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂಗಿಂತ ಹೆಚ್ಚು ಔಷಧಿಯನ್ನು ಒಂದು ಪಟ್ಟಿಯಿಂದ ರಕ್ತಕ್ಕೆ ಕಳಿಸುವುದು ಕಷ್ಟ. ಪ್ಯಾರಾಸಿಟಮಾಲ್ ಒಂದು ಹೊತ್ತಿಗೇ 500 ಮಿಲಿಗ್ರಾಂ ಬೇಕು. ಅಷ್ಟನ್ನು ಚರ್ಮದಿಂದ ಕಳಿಸಲು ಆಗದು. ಜ್ವರ ಬಂದ ಮಕ್ಕಳ ಹಣೆಗೆ ಹಚ್ಚುವ ತಂಪು ಪಟ್ಟಿಯಲ್ಲಿ ಜ್ವರದ ಔಷಧಿ ಇರುವುದಿಲ್ಲ, ಒದ್ದೆ ಬಟ್ಟೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ಫೆಂಟನಿಲ್ ಇದಕ್ಕೆ ತೀರ ವಿರುದ್ಧ. ಬೆಲ್ಜಿಯಂನ ವೈದ್ಯ ಪಾಲ್ ಯಾನ್ಸೆನ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಔಷಧಿ ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಬಲವಾದದ್ದು. ಗಂಟೆಗೆ ಕೆಲವು ಮೈಕ್ರೋಗ್ರಾಂ ಸಾಕು. ಹಾಗಾಗಿ ಪಟ್ಟಿಗೆ ಅದು ಸರಿಯಾಗಿ ಒದಗಿತು. ಔಷಧಿಯನ್ನು ಚರ್ಮದಿಂದ ರಕ್ತಕ್ಕೆ ಕಳಿಸುವ ಮೊದಲ ಪಟ್ಟಿಗೆ ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಪ್ರಯಾಣದ ವಾಂತಿ ತಡೆಯಲು ಕಿವಿ ಹಿಂದೆ ಹಚ್ಚುವಂಥದ್ದು. ಫೆಂಟನಿಲ್ ಪಟ್ಟಿ ಬಂದದ್ದು 1990ರಲ್ಲಿ.

ಯಾವ ನೋವಿಗೆ ಯಾವುದು

ನೋವು ಒಂದೆರಡು ಕಡೆ ಮಾತ್ರ ಇದ್ದು, ಚರ್ಮದಿಂದ ಆಳವಿಲ್ಲದಿದ್ದರೆ ಜೆಲ್ ಅಥವಾ ಡೈಕ್ಲೋಫೆನಾಕ್ ಪಟ್ಟಿಯಿಂದ ಶುರು ಮಾಡುವುದು ಒಳ್ಳೆಯದು. ಸವೆದ ಮೊಣಕಾಲು, ಬೆರಳಿನ ಗೆಣ್ಣು, ಮಣಿಕಟ್ಟು, ಮೊಣಕೈ, ಉಳುಕಿದ ಪಾದ ಇಂಥವು. ಎಷ್ಟು ಗುಣ ಕಾಣುತ್ತದೆ ಎಂಬುದಕ್ಕೆ ನಂಬಬಹುದಾದ ಒಂದು ಲೆಕ್ಕವಿದೆ. ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಕೋಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೀಲು ಸವೆತಕ್ಕೆ ಡೈಕ್ಲೋಫೆನಾಕ್ ಹಚ್ಚಿಕೊಂಡವರಲ್ಲಿ 100ಕ್ಕೆ ಸುಮಾರು 60 ಜನರಿಗೆ ನೋವು ಚೆನ್ನಾಗಿ ಇಳಿಯಿತು. ಔಷಧಿಯೇ ಇಲ್ಲದ ಬರೀ ಜೆಲ್ ಹಚ್ಚಿಕೊಂಡವರಲ್ಲೂ ಸುಮಾರು 50 ಜನರಿಗೆ ಇಳಿಯಿತು. ಅಂದರೆ ಔಷಧಿಯಿಂದಲೇ ಆದ ಲಾಭ ಹತ್ತರಲ್ಲಿ ಒಬ್ಬರಿಗೆ. ಇದು ಸಣ್ಣ ಲಾಭ. ಆದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ಭಯ ಅಷ್ಟಿಲ್ಲದೆ ಸಿಗುವ ಲಾಭವಾದ್ದರಿಂದ, ವಯಸ್ಸಾದವರ ಮೊಣಕಾಲಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಜೆಲ್ಲೋ ಪಟ್ಟಿಯೋ ಎಂದರೆ ಹೊಲಕ್ಕೆ ಹೋಗುವವರಿಗೆ ಜೆಲ್ಲೇ ಮೇಲು. ಬೆವರಿಗೆ ಪಟ್ಟಿಯ ಅಂಚು ಎದ್ದು ಅರ್ಧ ದಿನದಲ್ಲೇ ಕಳಚುತ್ತದೆ, ಮಡಚುವ ಮೊಣಕಾಲಿನ ಮೇಲೆ ನಿಲ್ಲುವುದೇ ಇಲ್ಲ, ಬೆಲೆಯೂ ಹೆಚ್ಚು. ಜೆಲ್ ಹಚ್ಚಿದ ಮೇಲೆ ಕೈ ತೊಳೆಯಬೇಕು, ದಿನಕ್ಕೆ ಮೂರು ನಾಲ್ಕು ಸಲ ನೆನಪಿಟ್ಟು ಹಚ್ಚಬೇಕು, ಅದೊಂದು ತೊಡಕು. ಮನೆಯಲ್ಲೇ ಇರುವ ಹಿರಿಯರಿಗೆ ಪಟ್ಟಿ ಅನುಕೂಲ.

ನಡ ನೋವು ಬೇರೆ ಮಾತು. ಬೆನ್ನಿನ ಕೀಲುಗಳು ದಪ್ಪ ಸ್ನಾಯುವಿನ ಅಡಿಯಲ್ಲಿ ಆಳದಲ್ಲಿರುತ್ತವೆ. ಪಟ್ಟಿಯ ಔಷಧಿ ಅಲ್ಲಿಗೆ ಸಾಕಷ್ಟು ತಲುಪುವುದು ಕಷ್ಟ. ಬಿಸಿ ಶಾಖ, ಎರಡು ಮೂರು ದಿನ ಭಾರ ಎತ್ತದಿರುವುದು, ಹಾಸಿಗೆ ಹಿಡಿಯದೆ ನಿಧಾನವಾಗಿ ಓಡಾಡುವುದು, ಬೇಕಾದರೆ ವೈದ್ಯರು ಹೇಳಿದ ಗುಳಿಗೆ ಕೆಲವು ದಿನ, ಇಷ್ಟರಲ್ಲಿ ಬಹಳಷ್ಟು ನಡ ನೋವು ಇಳಿಯುತ್ತದೆ.

ಮೈ ಕೈ ಎಲ್ಲ ನೋವು, ಜ್ವರದ ಜೊತೆಗಿನ ನೋವು, ತಲೆನೋವು, ಹಲ್ಲುನೋವು, ಮುಟ್ಟಿನ ಹೊಟ್ಟೆನೋವು ಇವಕ್ಕೆ ಗುಳಿಗೆಯೇ ಸರಿ. ಜ್ವರ, ಮೈನೋವಿಗೆ ಮೊದಲು ಪ್ಯಾರಾಸಿಟಮಾಲ್. ಡೆಂಗಿ ಇರಬಹುದು ಎಂಬ ಅನುಮಾನವಿದ್ದರಂತೂ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ. ದೊಡ್ಡವರಿಗೆ ಪ್ಯಾರಾಸಿಟಮಾಲ್‌ನ ಗರಿಷ್ಠ ಮಿತಿ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಗುಳಿಗೆ. ಅಷ್ಟು ನುಂಗಿ ಎಂದು ಇದರ ಅರ್ಥವಲ್ಲ. 50 ಕಿಲೋಗಿಂತ ಕಡಿಮೆ ತೂಕದವರು, ದಿನಾ ಕುಡಿಯುವವರು, ಊಟ ಸರಿಯಾಗಿ ಸೇರದವರು ಅದಕ್ಕಿಂತ ಬಹಳ ಕಡಿಮೆಯಲ್ಲೇ ನಿಲ್ಲಬೇಕು.

ಸರ್ಪಸುತ್ತಿನ ನಂತರದ ಉರಿನೋವಿಗೆ ಮಾಮೂಲಿ ನೋವಿನ ಗುಳಿಗೆ ಹೆಚ್ಚು ನಾಟುವುದಿಲ್ಲ. ವೈದ್ಯರು ನರಕ್ಕೆಂದೇ ಇರುವ ಬೇರೆ ಗುಳಿಗೆ ಕೊಡುತ್ತಾರೆ, ಇಲ್ಲವೇ ಲಿಗ್ನೋಕೇನ್ ಪಟ್ಟಿ ಹೇಳುತ್ತಾರೆ. ಅದನ್ನು ಹಚ್ಚುವ ಕ್ರಮ 12 ಗಂಟೆ ಮೈಮೇಲೆ, 12 ಗಂಟೆ ಬಿಡುವು. ಹುಣ್ಣು ಇನ್ನೂ ಹಸಿಯಾಗಿದ್ದರೆ ಹಚ್ಚುವಂತಿಲ್ಲ.

ಎದೆ, ಎಡ ಭುಜ, ದವಡೆಯಲ್ಲಿ ಒತ್ತಿದಂತೆ ನೋವು ಬಂದು ಬೆವರು ಕಿತ್ತರೆ ಗ್ಯಾಸ್ ಎಂದೋ ಸೆಳೆತ ಎಂದೋ ಪಟ್ಟಿ ಹಚ್ಚಿಕೊಂಡು ಮಲಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ರಾಯಚೂರಿನ ಬಿಸಿಲು ಮತ್ತು ಮೂತ್ರಪಿಂಡ

ಔಷಧಿ ಪೊಟ್ಟಣದ ಸೂಚನೆಗಳು ನಮ್ಮ ಬಿಸಿಲನ್ನು ಲೆಕ್ಕ ಹಿಡಿದು ಬರೆದವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ತಾಪ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಹೊಲದಲ್ಲಿ ದುಡಿಯುವವರ ಮೈಯಿಂದ ನೀರು ಬೆವರಾಗಿ ಹೋಗಿ ಮೂತ್ರ ಕಡಿಮೆಯಾಗಿರುತ್ತದೆ. ಅಂಥ ಹೊತ್ತಲ್ಲಿ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ಮಾಡುವುದು ಪ್ರೊಸ್ಟಗ್ಲಾಂಡಿನ್. ಅದನ್ನೇ ತಡೆಯುವ ಡೈಕ್ಲೋಫೆನಾಕ್ ಗುಳಿಗೆ ಅಥವಾ ಸೂಜಿ ಆಗ ಒಳಗೆ ಬಿದ್ದರೆ ಮೂತ್ರಪಿಂಡ ಏಟು ತಿನ್ನುತ್ತದೆ.

ಇದಕ್ಕೆ ಬಿಪಿ ಗುಳಿಗೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿಗೆ ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಟೆಲ್ಮಿಸಾರ್ಟನ್ ಒಂದು, ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ ಅಥವಾ ಹೈಡ್ರೋಕ್ಲೋರೋಥಯಜೈಡ್ ಇನ್ನೊಂದು. ಈ ಎರಡರ ಜೊತೆ ನೋವಿನ ಗುಳಿಗೆ ಮೂರನೆಯದಾಗಿ ಸೇರಿದಾಗ ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು. ಬಿಪಿ ಗುಳಿಗೆ ಬಿಡಬೇಡಿ, ಅದು ಬೇಕೇ ಬೇಕು. ಬಿಡಬೇಕಾದದ್ದು ನೋವಿನ ಗುಳಿಗೆ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹಿಂದೆ ಹೊಟ್ಟೆ ಹುಣ್ಣು ಆದವರು, 65 ದಾಟಿದವರು ಮೊಣಕಾಲಿಗೆ ಜೆಲ್ ಅಥವಾ ಪಟ್ಟಿಯನ್ನೇ ನೆಚ್ಚಿಕೊಳ್ಳುವುದು ಮೇಲು. ಮೂತ್ರಪಿಂಡದ ಕಾಯಿಲೆ ಈಗಾಗಲೇ ಇದ್ದವರು ಪಟ್ಟಿಯನ್ನೂ ಕೇಳದೆ ಹಚ್ಚಬಾರದು. ಗರ್ಭಿಣಿಯರು, ಅದರಲ್ಲೂ ಐದು ತಿಂಗಳು ತುಂಬಿದ ಮೇಲೆ, ಈ ಬಳಗದ ಗುಳಿಗೆ ಪಟ್ಟಿ ಎರಡರಿಂದಲೂ ದೂರವಿರಬೇಕು. ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೂ ಹೃದಯಕ್ಕೂ ಅದು ತೊಂದರೆ ಮಾಡಬಲ್ಲದು. ಆಸ್ಪಿರಿನ್ ನುಂಗಿದಾಗ ದಮ್ಮು ಹೆಚ್ಚಾಗುವವರಿಗೂ ಇದೇ ಮಾತು.

ಬಿಸಿಲಿನ ಇನ್ನೊಂದು ತೊಂದರೆ ಕೀಟೋಪ್ರೊಫೆನ್ ಪಟ್ಟಿ, ಜೆಲ್ಲುಗಳದ್ದು. ಈ ಔಷಧಿ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಗುಳ್ಳೆ ಏಳಬಹುದು. ಪಟ್ಟಿ ತೆಗೆದ ಮೇಲೂ ಎರಡು ವಾರ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಡಬೇಕು. ದಿನವಿಡೀ ಬಯಲಲ್ಲಿ ದುಡಿಯುವವರಿಗೆ ಇದು ಆಗುವ ಮಾತಲ್ಲ. ನಮ್ಮ ಜಿಲ್ಲೆಯ ಕೂಲಿಕಾರರು ಅಂಗಡಿಯಲ್ಲಿ ಡೈಕ್ಲೋಫೆನಾಕ್ ಇರುವುದನ್ನೇ ಕೇಳಿ ಪಡೆಯಲಿ.

ಬಲವಾದ ಪಟ್ಟಿಗಳು

ಬಾಯಿ, ಗಂಟಲಿನ ಕ್ಯಾನ್ಸರ್ ತಂಬಾಕು, ಗುಟ್ಕಾ ಜಗಿಯುವ ಊರುಗಳಿಗೆ ಹೊಸದಲ್ಲ. ಕಾಯಿಲೆ ಮುಂದುವರಿದಾಗ ನೋವು ಮನೆಯವರೆಲ್ಲರ ನಿದ್ದೆ ಕೆಡಿಸುತ್ತದೆ. ಆ ನೋವಿಗೆ ಔಷಧಿ ಇದೆ. ನೋವು ಸಹಿಸಿಕೊಂಡೇ ಸಾಯಬೇಕೆಂಬ ಕಟ್ಟಳೆ ಯಾವ ಶಾಸ್ತ್ರದಲ್ಲೂ ಇಲ್ಲ, ವೈದ್ಯಶಾಸ್ತ್ರದಲ್ಲಂತೂ ಇಲ್ಲವೇ ಇಲ್ಲ.

ಮೊದಲ ಆಯ್ಕೆ ಮಾರ್ಫಿನ್ ಗುಳಿಗೆ. ಅಗ್ಗ, ಬೇಗ ಕೆಲಸ ಮಾಡುತ್ತದೆ, ನೋವು ಏರಿದಂತೆ ಇಳಿದಂತೆ ಪ್ರಮಾಣವನ್ನು ಹೊಂದಿಸಬಹುದು. ಮಾಮೂಲಿ ಮಾರ್ಫಿನ್ ಗುಳಿಗೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಅಲ್ಲ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. ಚಟ ಹತ್ತುತ್ತದೆ ಎಂಬ ಹೆದರಿಕೆಯಿಂದ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಕೊಡದೆ ಇರುವುದು ದೊಡ್ಡ ಅನ್ಯಾಯ. ವೈದ್ಯರ ಕಣ್ಣಳತೆಯಲ್ಲಿ ನೋವಿಗೆಂದು ಕೊಡುವಾಗ ಆ ಅಪಾಯ ಬಹಳ ಕಡಿಮೆ.

ಫೆಂಟನಿಲ್ ಪಟ್ಟಿ ಬೇಕಾಗುವುದು ನೋವು ಒಂದು ಹದಕ್ಕೆ ಬಂದ ಮೇಲೆ: ನುಂಗಲು ಆಗದಿದ್ದಾಗ, ವಾಂತಿ ನಿಲ್ಲದಿದ್ದಾಗ, ಮೂತ್ರಪಿಂಡ ಸೋತು ಮಾರ್ಫಿನ್ ಮೈಯಲ್ಲೇ ಉಳಿಯುವಾಗ. ಗುಳಿಗೆ ಎಂದರೆ ಗದ್ದೆಗೆ ಸರದಿಯಲ್ಲಿ ಬರುವ ಕಾಲುವೆ ನೀರು, ತುಂಬಿ ಬರುತ್ತದೆ, ಇಳಿದು ಹೋಗುತ್ತದೆ. ಪಟ್ಟಿ ಎಂದರೆ ಹನಿ ನೀರಾವರಿ. ಹನಿ ಸಮವಾಗಿ ಬೀಳುತ್ತದೆ, ಆದರೆ ನೆಲ ನೆನೆಯಲು ಹೊತ್ತು ಹಿಡಿಯುತ್ತದೆ. ಫೆಂಟನಿಲ್ ಪಟ್ಟಿ ಹಚ್ಚಿದ ಮೇಲೆ ಪೂರ್ತಿ ಪರಿಣಾಮಕ್ಕೆ 12ರಿಂದ 24 ಗಂಟೆ ಬೇಕು. ಈ ಮಧ್ಯೆ ನೋವು ಇಳಿಯಲಿಲ್ಲವೆಂದು ಇನ್ನೊಂದು ಪಟ್ಟಿ ಹಚ್ಚಿದರೆ ಮಾರನೇ ದಿನ ಎರಡರ ಬಲವೂ ಒಟ್ಟಿಗೆ ಬರುತ್ತದೆ. ನಡುವೆ ಏಳುವ ನೋವಿಗೆ ವೈದ್ಯರು ಬೇರೆ ಗುಳಿಗೆ ಬರೆದುಕೊಟ್ಟಿರುತ್ತಾರೆ.

ಅದರ ಬಲ ಎಷ್ಟೆಂದು ತಿಳಿಯಲು ಈ ಲೆಕ್ಕ ಸಾಕು. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪಟ್ಟಿ, ದಿನಕ್ಕೆ 10 ಮಿಲಿಗ್ರಾಂನ ಕನಿಷ್ಠ 6 ಮಾರ್ಫಿನ್ ಗುಳಿಗೆಗೆ ಸಮ. ಮಾರ್ಫಿನ್ ಅಭ್ಯಾಸವೇ ಇಲ್ಲದ ಮೈಗೆ ಅದನ್ನು ಹಚ್ಚಿದರೆ ಉಸಿರೇ ನಿಲ್ಲಬಹುದು. ಅಜ್ಜನಿಗೆ ತಂದ ಪಟ್ಟಿಯಲ್ಲಿ ಒಂದನ್ನು ನಡ ನೋವೆಂದು ಮತ್ತೊಬ್ಬರು ಹಚ್ಚಿಕೊಳ್ಳುವ ಮಾತೇ ಇಲ್ಲ.

ಬಿಸಿಲಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಚರ್ಮ ಬಿಸಿಯಾದರೆ ರಕ್ತನಾಳ ಅಗಲವಾಗಿ, ಪಟ್ಟಿಯಿಂದ ಔಷಧಿ ಬೇಗ ಬೇಗ ಒಳಗೆ ಇಳಿಯುತ್ತದೆ. ಮೈ ತಾಪ 40 ಡಿಗ್ರಿಗೆ ಏರಿದರೆ ರಕ್ತದಲ್ಲಿ ಫೆಂಟನಿಲ್ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಬಹುದು. ಆದ್ದರಿಂದ ಪಟ್ಟಿ ಹಚ್ಚಿದ ರೋಗಿಯನ್ನು ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಮಲಗಿಸಬೇಡಿ, ಮನೆಯ ತಂಪಾದ ಕಡೆ ಹಾಸಿಗೆ ಹಾಕಿ. ಪಟ್ಟಿಯ ಮೇಲೆ ಬಿಸಿ ನೀರಿನ ಚೀಲ, ಕಾವು ಬೇಡ. ಜ್ವರ ಬಂದರೆ ಇಳಿಸಿ, ವೈದ್ಯರಿಗೆ ತಿಳಿಸಿ.

ಹಚ್ಚುವ ಕ್ರಮ ಹೀಗೆ. ಎದೆಯ ಮೇಲ್ಭಾಗ, ಬೆನ್ನು ಅಥವಾ ತೋಳಿನ ಮೇಲೆ ಗಾಯವಿಲ್ಲದ, ಕೂದಲು ಕಡಿಮೆ ಇರುವ ಜಾಗ ನೋಡಿ. ಬರೀ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿ. ಸೋಪು, ಎಣ್ಣೆ, ಸ್ಪಿರಿಟ್ ಬೇಡ. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ಬ್ಲೇಡಿನಿಂದ ಬೋಳಿಸಬೇಡಿ. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿದು, ಪಟ್ಟಿಯ ಮೇಲೆ ದಿನ, ಹೊತ್ತು ಬರೆಯಿರಿ. ಫೆಂಟನಿಲ್ ಪಟ್ಟಿ 72 ಗಂಟೆಗೊಮ್ಮೆ ಬದಲಾಗಬೇಕು, ಬುಪ್ರೆನಾರ್ಫಿನ್ ಪಟ್ಟಿಗಳಲ್ಲಿ ಹೆಚ್ಚಿನವು ಏಳು ದಿನಕ್ಕೊಮ್ಮೆ. ಹೊಸದನ್ನು ಹಚ್ಚುವ ಮೊದಲು ಹಳೆಯದನ್ನು ಹುಡುಕಿ ತೆಗೆಯಿರಿ, ಬೇರೆ ಜಾಗಕ್ಕೆ ಹಚ್ಚಿ. ಅರ್ಧ ಸಾಕೆಂದು ಪಟ್ಟಿ ಕತ್ತರಿಸಬೇಡಿ. ರೋಗಿ ತೀರಾ ಬಡಕಲಾಗಿದ್ದರೆ ಪಟ್ಟಿಯಿಂದ ಔಷಧಿ ಸರಿಯಾಗಿ ಇಳಿಯದೆ ನೋವು ಮತ್ತೆ ಏಳಬಹುದು, ಅದನ್ನು ವೈದ್ಯರಿಗೆ ಹೇಳಿ. ಎಂಆರ್‌ಐಗೆ ಹೋಗುವಾಗ ಮೈಮೇಲೆ ಪಟ್ಟಿ ಇದೆಯೆಂದು ತಿಳಿಸಿ, ಕೆಲವುದರ ಹಿಂಬದಿಯಲ್ಲಿ ಲೋಹದ ಹಾಳೆ ಇದ್ದು ಚರ್ಮ ಸುಡುತ್ತದೆ.

ಮೂರು ದಿನ ಹಚ್ಚಿ ತೆಗೆದ ಪಟ್ಟಿಯಲ್ಲೂ ಸಾಕಷ್ಟು ಔಷಧಿ ಉಳಿದಿರುತ್ತದೆ. ನೆಲಕ್ಕೆ ಬಿದ್ದ ಪಟ್ಟಿ ಮಗುವಿನ ಕೈಗೆ ಅಂಟಿದರೆ, ಬಾಯಿಗೆ ಹೋದರೆ ಸಾವು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಹೀಗೆ ಆಕಸ್ಮಿಕವಾಗಿ ಮಕ್ಕಳಿಗೆ ತಗುಲಿದ 26 ಪ್ರಕರಣಗಳನ್ನು ಪಟ್ಟಿ ಮಾಡಿತು. ಅವರಲ್ಲಿ 10 ಮಕ್ಕಳು ಸತ್ತಿದ್ದರು, ಹೆಚ್ಚಿನವರು ಎರಡು ವರ್ಷದೊಳಗಿನವರು. ಒಂದೇ ಕೋಣೆಯಲ್ಲಿ ಅಜ್ಜ, ಮೊಮ್ಮಕ್ಕಳು ಮಲಗುವ ನಮ್ಮ ಮನೆಗಳಲ್ಲಿ ಇದನ್ನು ಎರಡು ಸಲ ಹೇಳಿದರೂ ಹೆಚ್ಚಲ್ಲ. ತೆಗೆದ ಪಟ್ಟಿಯ ಅಂಟಿನ ಬದಿ ಒಳಗೆ ಬರುವಂತೆ ಮಡಚಿ ಅಂಟಿಸಿ, ತಕ್ಷಣ ಶೌಚಾಲಯದ ಗುಂಡಿಗೆ ಹಾಕಿ, ಇಲ್ಲವೇ ಮುಚ್ಚಳದ ಡಬ್ಬಿಯಲ್ಲಿ ಬೀಗ ಹಾಕಿಟ್ಟು ಕೊಟ್ಟ ಆಸ್ಪತ್ರೆಗೇ ಮರಳಿಸಿ. ತಿಪ್ಪೆಗೆ ಎಸೆಯಬೇಡಿ.

ರೋಗಿ ಕೂಗಿದರೂ ಏಳದಷ್ಟು ಮಂಪರಿನಲ್ಲಿದ್ದರೆ, ಉಸಿರು ಬಹಳ ನಿಧಾನವಾದರೆ, ತುಟಿ ನೀಲಿಯಾದರೆ ಮೊದಲು ಪಟ್ಟಿ ಕಿತ್ತು ತೆಗೆಯಿರಿ, ಮಗ್ಗುಲಿಗೆ ಹೊರಳಿಸಿ, 108 ಕರೆಯಿರಿ. ಪಟ್ಟಿ ತೆಗೆದೆವಲ್ಲ ಎಂದು ಸುಮ್ಮನಾಗಬೇಡಿ. ಚರ್ಮದಡಿ ಸೇರಿದ ಔಷಧಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ.

ಈ ಔಷಧಿಗಳು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಗಲೂಬಾರದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು ಅಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಒಂದೇ ಇಲಾಖೆಯ ಒಪ್ಪಿಗೆಯಿಂದ ಇಟ್ಟುಕೊಳ್ಳುವಂತೆ ಮಾಡಿತು. ನಮ್ಮವರು ಮೊದಲು ಕೇಳಬೇಕಾದ ಜಾಗ ರಾಯಚೂರಿನ ರಿಮ್ಸ್ ಆಸ್ಪತ್ರೆ. ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿದೆ, ಬೆಂಗಳೂರಿನವರೆಗೆ ಹೋಗುವ ಮೊದಲು ಅಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲೇ ಇದ್ದರೆ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವಿದೆ. ಹೋದ ಕಡೆ ಕ್ಯಾನ್ಸರ್ ಔಷಧಿ ಮಾತ್ರ ಕೇಳಿ ಬರಬೇಡಿ. ನೋವಿಗೆ ಏನು ಕೊಡುತ್ತೀರಿ ಎಂದು ಬಾಯಿಬಿಟ್ಟು ಕೇಳಿ.

ಪಟ್ಟಿ, ಗುಳಿಗೆ ಎರಡೂ ಮುಟ್ಟದ ನೋವು

ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರ ಹಲ್ಲಿಗೆ ಕಂದು ಗೆರೆ ಬರುತ್ತದೆ, ಕುತ್ತಿಗೆ, ನಡ, ಕೀಲು ಬಿಗಿಯುತ್ತವೆ. ಆ ನೋವಿಗೆ ಎಷ್ಟು ಪಟ್ಟಿ ಹಚ್ಚಿದರೂ ಬೇರು ನೀರಿನಲ್ಲೇ ಉಳಿಯುತ್ತದೆ. ಮನೆಮಂದಿಗೆಲ್ಲ ಕೀಲು ನೋವಿದ್ದರೆ, ಮಕ್ಕಳ ಹಲ್ಲಿನಲ್ಲಿ ಗೆರೆ ಕಂಡರೆ ಗ್ರಾಮ ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ.

ಪೊಟ್ಟಣವಿಲ್ಲದೆ ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಗುಳಿಗೆಗಳನ್ನು, ವಾತಕ್ಕೆ ರಾಮಬಾಣ ಎಂದು ಮಾರುವ ಪುಡಿಗಳನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಒಂದೇ ದಿನದಲ್ಲಿ ನೋವು ಮಾಯವಾಗಿ ಹಸಿವು ಹೆಚ್ಚಿ, ಕೆಲವು ವಾರದಲ್ಲಿ ಮುಖ ಊದಿಕೊಂಡರೆ ಅದರಲ್ಲಿ ಸ್ಟೆರಾಯ್ಡ್ ಇರುವ ಸಂಭವ ಹೆಚ್ಚು. ಬಹಳ ದಿನ ತಿಂದಿದ್ದರೆ ಏಕಾಏಕಿ ನಿಲ್ಲಿಸುವುದೂ ಅಪಾಯ. ಉಳಿದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ.

ನೋವಿನ ಗುಳಿಗೆ ತಿನ್ನುತ್ತಿರುವಾಗ ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕಡಿಮೆಯಾಗಿ ಕಾಲು ಬಾತರೆ, ನಡ ನೋವಿನ ಜೊತೆ ಕಾಲು ಮರಗಟ್ಟಿ ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ. ನಡ ನೋವು ವಾರಗಟ್ಟಲೆ ಇದ್ದು ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು, ಪರೀಕ್ಷೆ ಮಾಡಿಸಿ.

ಪಟ್ಟಿ ಹಚ್ಚಿದ ಜಾಗ ಕೆಂಪಾಗಿ ಗುಳ್ಳೆ ಎದ್ದರೆ, ಗುಳಿಗೆ ನುಂಗಿದ ಮೇಲೆ ಮೈತುಂಬ ಗಂಧೆ ಬಂದರೆ ಔಷಧಿ ನಿಲ್ಲಿಸಿ, ಪೊಟ್ಟಣ ಎಸೆಯದೆ ಇಟ್ಟುಕೊಂಡು ವೈದ್ಯರಿಗೆ ತೋರಿಸಿ. ಅಡ್ಡಪರಿಣಾಮವನ್ನು ಸರ್ಕಾರಕ್ಕೆ ನೀವೇ ತಿಳಿಸಲು ಭಾರತೀಯ ಔಷಧಕೋಶ ಆಯೋಗದ ಉಚಿತ ಸಹಾಯವಾಣಿ 1800-180-3024 ಇದೆ. ಕರೆ ಮಾಡುವಾಗ ಪೊಟ್ಟಣದ ಮೇಲಿನ ಔಷಧಿ ಹೆಸರು, ಬ್ಯಾಚ್ ನಂಬರ್, ಹಚ್ಚಿದ ಅಥವಾ ನುಂಗಿದ ದಿನ ಕೈಯಲ್ಲಿರಲಿ.